ಎರಡೂವರೆ ಅಡಿ ಜಾಗದಲ್ಲಿ ವಾಷಿಂಗ್ ಮೆಷಿನ್ ಮೇಲೆ ಡ್ರೈಯರ್

ಮಡಿಕೇರಿಯಲ್ಲಿ ಜೂನ್ ಹಿಡಿದ ಮಳೆ ಸೆಪ್ಟೆಂಬರ್‌ತನಕ ಬಿಡುವುದಿಲ್ಲ. ಹಗ್ಗದ ಮೇಲೆ ಹಾಕಿದ ಬಟ್ಟೆ ಒಣಗುವುದಕ್ಕಿಂತ ಮೊದಲು ಮುಗ್ಗಲು ಹಿಡಿಯುತ್ತದೆ. ಕಕ್ಕಡದ, ಅಂದರೆ ಕೊಡಗಿನ ಜುಲೈ-ಆಗಸ್ಟ್ ಹೊತ್ತಿನ ಜಡಿಮಳೆ ತಿಂಗಳ ದಿನಗಳಲ್ಲಿ ಬಚ್ಚಲೊಲೆಯ ಮೇಲೆ ಬಿದಿರಿನ ಗಳ ಕಟ್ಟಿ ಬಟ್ಟೆ ಒಣಗಿಸುವುದು ಇಲ್ಲಿ ಹೊಸದೇನಲ್ಲ. ಮನೆಯವರಿಗೆ ಆ ಹೊಗೆವಾಸನೆ ಒಗ್ಗಿಹೋಗಿರುತ್ತದೆ, ಹೋಂಸ್ಟೇಗೆ ಬಂದವರಿಗೆ ಒಗ್ಗುವುದಿಲ್ಲ. ಹಾಗಾಗಿ ಹೆಂಚಿನ ಮನೆಯೊಂದರ ಬಚ್ಚಲ ಪಕ್ಕದ ಗೂಡಿನಂಥ ಜಾಗದಲ್ಲಿ ಕೆಳಗೆ ವಾಷಿಂಗ್ ಮೆಷಿನ್, ಮೇಲೆ ಡ್ರೈಯರ್ ಕೂರಿಸುವ ಕೆಲಸ. ಗೂಡಿನ ಅಗಲ 75 ಸೆಂ.ಮೀ., ಆಳ 90, ಹೆಂಚಿನ ಇಳಿಜಾರು ತಗ್ಗಿದ ಕಡೆ ಎತ್ತರ 210.

ಕೆಲಸ ಶುರು ಮಾಡಿದ್ದು ಮೇ ತಿಂಗಳಲ್ಲಿ. ಡ್ರೈಯರ್ ಮೇಲೇರಿದ್ದು ಅದಾಗಿ ಮೂರನೇ ವಾರಕ್ಕೆ. ಎತ್ತಿ ಇಡಲು ಬೇಕಾದದ್ದು ಅರ್ಧ ಗಂಟೆ. ಉಳಿದ ದಿನಗಳೆಲ್ಲ ಕೆಳಗಿನದಕ್ಕೇ ಹೋದವು. ಮೇಲಿನ ಡ್ರೈಯರ್ ನಿಂತಿರುವುದು ವಾಷಿಂಗ್ ಮೆಷಿನ್ನಿನ ನಾಲ್ಕು ಕಾಲುಗಳ ಮೇಲೆ ಅನ್ನುವುದನ್ನು ಮರೆತವರೇ ಆಮೇಲೆ ಅದನ್ನು ಕೆಳಗಿಳಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ.

ಮೊದಲು ಯಾವುದರ ಮೇಲೆ ಯಾವುದು ಅನ್ನುವುದು. ಕೆಳಗಿನದು ಫ್ರಂಟ್ ಲೋಡ್ ಮೆಷಿನ್ನೇ ಆಗಿರಬೇಕು; ಟಾಪ್ ಲೋಡ್ ಆದರೆ ಮುಚ್ಚಳವೇ ತೆರೆಯುವುದಿಲ್ಲ. ಮೆಷಿನ್ನನ್ನು ಮೇಲಿಟ್ಟು ಡ್ರೈಯರನ್ನು ಕೆಳಗಿಡುವ ಮಾತೇ ಇಲ್ಲ. ಫ್ರಂಟ್ ಲೋಡ್ ಮೆಷಿನ್ನಿನ ಒಳಗೆ ಅಲುಗಾಟ ತಡೆಯಲೆಂದೇ ಭಾರದ ಗಟ್ಟಿ ಕೂರಿಸಿರುತ್ತಾರೆ, ಖಾಲಿಯಿದ್ದಾಗಲೇ ಸುಮಾರು 70 ಕೆ.ಜಿ. ತೂಗುತ್ತದೆ. ಹೀಟ್ ಪಂಪ್ ಡ್ರೈಯರ್, ಅಂದರೆ ಫ್ರಿಜ್ಜಿನಂತೆ ಕಂಪ್ರೆಸರ್ ಇಟ್ಟು ಬಟ್ಟೆ ಒಣಗಿಸುವಂಥದ್ದು, 50 ಕೆ.ಜಿ.ಯ ಆಸುಪಾಸು. ಒದ್ದೆ ಬಟ್ಟೆ, ನೀರು ಸೇರಿ ಇನ್ನೊಂದು 20. ಒಟ್ಟು 140 ಕೆ.ಜಿ. ನಾಲ್ಕು ರಬ್ಬರ್ ಕಾಲುಗಳ ಮೇಲೆ ನಿಂತು, ಅದರೊಳಗಿನ ಡ್ರಮ್ಮು ನಿಮಿಷಕ್ಕೆ 1200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. ಹಳೇ ಮನೆಗಳ ಮಾಳಿಗೆಯ ಹಲಗೆ ನೆಲದ ಮೇಲೆ ಇದನ್ನು ಇಡಬಾರದು ಅನ್ನುವುದು ಇದಕ್ಕೇ. ಹಲಗೆ ಭಾರ ತಡೆದೀತು, ಕುಣಿತ ತಡೆಯುವುದಿಲ್ಲ.

ಆಳದ ಅಳತೆಯಲ್ಲಿ ಬಹಳ ಜನ ಎಡವುತ್ತಾರೆ. ಎರಡರ ಅಗಲವೂ 60 ಸೆಂ.ಮೀ., ಎತ್ತರವೂ 85 ಅಂತ ನೋಡಿ ಕೊಳ್ಳುತ್ತಾರೆ. ಆದರೆ ಆರು ಕೆ.ಜಿ. ಬಟ್ಟೆ ಹಿಡಿಯುವ ಸಣ್ಣ ಮೆಷಿನ್ನುಗಳ ಆಳ 45ರಿಂದ 50 ಸೆಂ.ಮೀ. ಇರುತ್ತದೆ, ಡ್ರೈಯರಿನದು 60. ಹಿಂದಿನ ಕಾಲು ಕೂತರೆ ಮುಂದಿನ ಕಾಲು ಗಾಳಿಯಲ್ಲಿ. ಅಂಥ ಜೋಡಿಗೆ, ಎರಡನ್ನೂ ಒಂದಕ್ಕೊಂದು ಸೇರಿಸಿ ಹಿಡಿಯುವ ಯಾವ ಸ್ಟ್ಯಾಕಿಂಗ್ ಕಿಟ್ಟೂ ಪರಿಹಾರ ಅಲ್ಲ. ಸ್ಟ್ಯಾಕಿಂಗ್ ಕಿಟ್ಟನ್ನು ಎರಡೂ ಮೆಷಿನ್ನಿನ ಮಾಡೆಲ್ ನಂಬರ್ ಹೇಳಿಯೇ ತರಿಸಬೇಕು, ಎರಡೂ ಒಂದೇ ಕಂಪನಿಯದಾದರೆ ಅರ್ಧ ತಲೆನೋವು ಕಡಿಮೆ. ಎಲ್ಲದಕ್ಕೂ ಆಗುತ್ತದೆ ಅಂತ ಬೆಲ್ಟ್ ಸಮೇತ ಮಾರುವ ಕಿಟ್ಟುಗಳೂ ಇವೆ. ಕಂಪನಿಯದೇ ಸಿಗುವಾಗ ಅವುಗಳ ಗೋಜಿಗೆ ಹೋಗುವುದು ಬೇಡ ಅನ್ನುವುದು ನಮ್ಮ ಅಭಿಪ್ರಾಯ.

ಇನ್ನು ನೆಲ. ಬಚ್ಚಲ ಪಕ್ಕದ ನೆಲಕ್ಕೆ ನೀರು ಹರಿದುಹೋಗಲಿ ಅಂತ ಮೇಸ್ತ್ರಿಗಳು ಬೇಕೆಂದೇ ವಾಟ ಕೊಟ್ಟಿರುತ್ತಾರೆ. ಇಲ್ಲಿ ರಸಮಟ್ಟ ಇಟ್ಟು ನೋಡಿದಾಗ 60 ಸೆಂ.ಮೀ.ಗೆ 9 ಮಿ.ಮೀ. ಇಳಿಜಾರು. ಮೆಷಿನ್ನಿನ ಕಾಲನ್ನು ತಿರುಗಿಸಿ ಅಷ್ಟು ಎತ್ತರಿಸಬಹುದಲ್ಲ ಅನ್ನಿಸುತ್ತದೆ. ಎತ್ತರಿಸಬಹುದು, ಆದರೆ ಹೊರಗೆ ಬಂದಷ್ಟೂ ಆ ಬೋಲ್ಟು ಬಳುಕುತ್ತದೆ. ಒಂಟಿ ಮೆಷಿನ್ನಿಗೆ ನಡೆಯುತ್ತದೆ, ಮೇಲೆ 50 ಕೆ.ಜಿ. ಹೊತ್ತದ್ದಕ್ಕೆ ನಡೆಯುವುದಿಲ್ಲ. ಲೆಕ್ಕ ಹಾಕಿ ನೋಡಿ: ಕೆಳಗೆ 60 ಸೆಂ.ಮೀ.ಗೆ ಬರೀ 2 ಮಿ.ಮೀ. ವಾಲಿದರೂ 170 ಸೆಂ.ಮೀ. ಎತ್ತರದಲ್ಲಿ ಅದು ಹತ್ತಿರಹತ್ತಿರ 6 ಮಿ.ಮೀ. ಆಗಿರುತ್ತದೆ.

ಹಾಗಾಗಿ ಒಂದು ಕಟ್ಟೆ. 70 ಸೆಂ.ಮೀ. ಉದ್ದ, ಅಷ್ಟೇ ಅಗಲ, ಎತ್ತರ ಒಂದು ಕಡೆ 5, ತಗ್ಗಿನ ಕಡೆ 6. ಮೊದಲು 10 ಸೆಂ.ಮೀ. ಎತ್ತರಕ್ಕೆ ಹಾಕೋಣ ಅಂತಿತ್ತು. ಕೂಡಿ ನೋಡಿದರೆ ಕಟ್ಟೆ 10, ಮೆಷಿನ್ 85, ಕಿಟ್ 3, ಡ್ರೈಯರ್ 85, ಒಟ್ಟು 183. ಈ ಡ್ರೈಯರುಗಳಲ್ಲಿ ಬಟ್ಟೆಯಿಂದ ಹೊರಬಂದ ನೀರು ತುಂಬುವ ಡಬ್ಬಿ ಇರುವುದು ನೆತ್ತಿಯ ಹತ್ತಿರ. ಐದಡಿ ಎತ್ತರದವರು ನಾಲ್ಕು ಲೀಟರು ನೀರು ತುಂಬಿದ ಡಬ್ಬಿಯನ್ನು ತಲೆಗಿಂತ ಮೇಲಿಂದ ಎಳೆಯುವುದು, ಕೆಳಗೆ ಪ್ಲಗ್ಗು ಇರುವುದು, ಅದು ಬೇಡವಾಗಿತ್ತು. ಕಟ್ಟೆಯನ್ನು ತಗ್ಗಿಸಿದ್ದಲ್ಲದೆ ಡಬ್ಬಿಯನ್ನೂ ತಪ್ಪಿಸಿ, ಡ್ರೈಯರಿನ ಹಿಂದಿನ ಸಣ್ಣ ಪೈಪನ್ನು ನೇರ ಮೋರಿಗೆ ಬಿಟ್ಟೆವು. ಆ ಪೈಪು ಹೆಚ್ಚಿನ ಹೀಟ್ ಪಂಪ್ ಡ್ರೈಯರುಗಳ ಜೊತೆಗೇ ಬರುತ್ತದೆ. ಆದರೆ ಮೇಲೇರಿಸಿದ ಮೇಲೆ ಹಿಂದಕ್ಕೆ ಕೈ ಹೋಗುವುದಿಲ್ಲ, ಮೊದಲೇ ಜೋಡಿಸಿಕೊಳ್ಳಬೇಕು.

ಕಟ್ಟೆಗೆ ಸುಮಾರು 27 ಲೀಟರು ಕಾಂಕ್ರೀಟು ಹಿಡಿಯಿತು. ಸಿಮೆಂಟು ಒಂದು ಪಾಲು, ಮರಳು ಒಂದೂವರೆ, 12 ಮಿ.ಮೀ. ಜಲ್ಲಿ ಮೂರು, ಸಿಮೆಂಟು 12 ಕೆ.ಜಿ. ಸಾಕಾಯಿತು. ದಪ್ಪ ಕಡಿಮೆ ಇರುವ ಕಡೆ 20 ಮಿ.ಮೀ. ಜಲ್ಲಿ ಹಾಕಿದರೆ ಮೇಲ್ಮೈ ಸರಿಯಾಗಿ ಕೂರುವುದಿಲ್ಲ. ಹಳೆಯ ಕೆಂಪು ನೆಲ ಕನ್ನಡಿಯಂತೆ ನುಣುಪು, ಅದರ ಮೇಲೆ ಕಾಂಕ್ರೀಟು ಸುರಿದರೆ ಕಚ್ಚಿಕೊಳ್ಳದೆ ಬಿಲ್ಲೆಯ ಹಾಗೆ ಬೇರೆಯೇ ಕೂತುಬಿಡುತ್ತದೆ. ಉಳಿಯಿಂದ ಅಂಗೈಯಗಲಕ್ಕೆ ಐದಾರು ಗುಳಿಯಂತೆ ಕಚ್ಚು ಹಾಕಿ, ತೊಳೆದು, ಸಿಮೆಂಟು ಹಾಲು ಬಳಿದು, ಕೋಳಿಬಲೆ ಹಾಸಿ ಮೇಲೆ ಕಾಂಕ್ರೀಟು. ಮೇಲ್ಮೈಯನ್ನು ಮರದ ಹಲಗೆಯಿಂದ ಉಜ್ಜಿ ತುಸು ತರಿಯಾಗಿಯೇ ಬಿಟ್ಟದ್ದು. ಟೈಲ್ಸ್ ಹಾಕಿದರೆ ಚೆಂದ, ಆದರೆ ಸೋಪಿನ ನೀರು ಬಿದ್ದ ಟೈಲ್ಸ್ ಮೇಲೆ ರಬ್ಬರ್ ಕಾಲು ಜಾರುತ್ತದೆ. ಒದ್ದೆ ಕಾಫಿ ಗೋಣಿ ಹೊದಿಸಿ ಏಳು ದಿನ ನೀರು ಕುಡಿಸಿ, ಇನ್ನೂ ಐದು ದಿನ ಸುಮ್ಮನೆ ಬಿಟ್ಟೆವು. ಕಟ್ಟೆಗೂ ಹಿಂಗೋಡೆಗೂ ನಡುವೆ ಜಾಗ ಬಿಟ್ಟಿದ್ದರಿಂದ ಎಲ್ಲಾದರೂ ಸೋರಿದರೆ ನೀರು ಹಳೇ ವಾಟದಲ್ಲೇ ಮೋರಿಗೆ ಹೋಗುತ್ತದೆ.

ಅಂಗಡಿಯವರು ಕಾಲಡಿಗೆ ಹಾಕಿ ಅಂತ ದಪ್ಪ ರಬ್ಬರ್ ಬಿಲ್ಲೆ ಕೊಡುತ್ತಾರೆ. ಒಂಟಿ ಮೆಷಿನ್ನಿನ ಸದ್ದು ತಗ್ಗಿಸಲು ಅದು ಸರಿ. ಜೋಡಿಗೆ ಮೆತ್ತನೆಯದು ಬೇಡ. ಕೆಳಗೆ ಅರ್ಧ ಸೆಂ.ಮೀ. ಕುಸಿದರೆ ಮೇಲಿನದು ತೂಗಾಡುತ್ತದೆ.

ಕರೆಂಟಿನ ವಿಷಯ. ಎರಡಕ್ಕೂ ಬೇರೆಬೇರೆ 16 ಆಂಪಿಯರ್ ಸಾಕೆಟ್ಟು, ಬೋರ್ಡಿನಿಂದ 2.5 ಚದರ ಮಿ.ಮೀ. ತಾಮ್ರದ ವಯರು ಪ್ರತ್ಯೇಕವಾಗಿ, ಲೋಡು ಹೆಚ್ಚಾದರೆ ತಾನೇ ಆರುವ ಎಂಸಿಬಿ ಪ್ರತಿಯೊಂದಕ್ಕೂ ಅದರದೇ, ಎರಡಕ್ಕೂ ಸೇರಿ ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಬಚ್ಚಲ ಪಕ್ಕದ ಕೆಲಸದಲ್ಲಿ ಈ ಕೊನೆಯದನ್ನು ಬಿಡುವಂತೆಯೇ ಇಲ್ಲ. ಸಾಕೆಟ್ಟುಗಳು ಮೆಷಿನ್ನಿನ ಹಿಂದೆ ಅಲ್ಲ, ಪಕ್ಕದ ಗೋಡೆಯ ಹೊರ ಅಂಚಿನಲ್ಲಿ, ನಲ್ಲಿಗಿಂತ ಮೇಲೆ. ಏನಾದರೂ ಆದಾಗ 120 ಕೆ.ಜಿ. ಸರಿಸಿ ಪ್ಲಗ್ಗು ಹುಡುಕುವ ಸ್ಥಿತಿ ಬರಬಾರದು. ಮಳೆಗಾಲದ ತೇವಕ್ಕೆ ಇಲ್ಲಿ ಪ್ಲಗ್ಗಿನ ಪಿನ್ನು ಹಸಿರುಗಟ್ಟುತ್ತದೆ. ಅದು ಸರಿಯಾಗಿ ಕಚ್ಚದೆ ಬಿಸಿಯಾಗಿ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗುವುದೇ ಮೊದಲ ಸೂಚನೆ. ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ಚು ಆರಿಸಿ ಪ್ಲಗ್ಗು ಮುಟ್ಟಿ ನೋಡಬೇಕು. ಕೈಗೆ ಬೆಚ್ಚಗಿದ್ದರೆ ಸರಿ, ಸುಟ್ಟಂತಾದರೆ ಸಾಕೆಟ್ಟು ಬದಲಿಸಬೇಕು.

ಹೀಟ್ ಪಂಪ್ ಡ್ರೈಯರನ್ನೇ ಆರಿಸಿದ್ದಕ್ಕೂ ಕರೆಂಟೇ ಕಾರಣ. ಕಾಯಿಲ್ ಕಾಯಿಸುವ ಡ್ರೈಯರು 2000ದಿಂದ 2800 ವ್ಯಾಟ್ ಎಳೆಯುತ್ತದೆ, ಹೀಟ್ ಪಂಪಿನದು 1000 ವ್ಯಾಟಿನೊಳಗೆ ಮುಗಿಯುತ್ತದೆ. ಬಿಸಿನೀರಿನಲ್ಲಿ ಒಗೆಯುವಾಗ ವಾಷಿಂಗ್ ಮೆಷಿನ್ನಿನ ಹೀಟರು ತಾನೇ 2000 ವ್ಯಾಟ್. ಜೊತೆಗೆ ಗೀಸರು, ಬಾವಿಯ ಮೋಟಾರು. ಚೆಸ್ಕಾಂ ಬಿಲ್ಲಿನ ಮೇಲೆ ಮಂಜೂರಾದ ಲೋಡು ಎಷ್ಟು ಕಿಲೋವ್ಯಾಟ್ ಅಂತ ಅಚ್ಚಾಗಿರುತ್ತದೆ, ಡ್ರೈಯರ್ ಕೊಳ್ಳುವ ಮೊದಲು ಅದನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಸಂಜೆ ಹೊತ್ತು ವೋಲ್ಟೇಜು ಇಳಿಯುವ ಊರುಗಳಲ್ಲಿ ಕಾಯಿಲ್ ಡ್ರೈಯರಿಗೆ ಇನ್ನೊಂದು ತೊಡಕಿದೆ: 230ರ ಬದಲು 190 ಬಂದರೆ ಶಾಖ ಮೂರನೇ ಒಂದು ಭಾಗದಷ್ಟು ಕಮ್ಮಿಯಾಗುತ್ತದೆ, ಏಕೆಂದರೆ ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಎರಡು ಗಂಟೆಯ ಕೆಲಸ ಮೂರು ಗಂಟೆ. ಹೀಟ್ ಪಂಪಿಗೆ ತೊಡಕು ಬೇರೆ. ಕರೆಂಟು ಹೋಗಿ ಬಂದ ತಕ್ಷಣ ಕಂಪ್ರೆಸರ್ ಏಳಲು ತಿಣುಕುತ್ತದೆ, ಫ್ರಿಜ್ಜಿನ ಹಾಗೆಯೇ. ಐದು ನಿಮಿಷ ಕಾದು ಹಾಕಬೇಕು. ಮನೆಯ ಸಾಮಾನ್ಯ ಇನ್ವರ್ಟರಿಗೆ ಎರಡರಲ್ಲಿ ಯಾವುದನ್ನೂ ಕೊಡಬೇಡಿ.

ಹೊಗೆಕೊಳವೆಯ ಹಾಗೆ ಗಾಳಿಯನ್ನು ಹೊರಗೆ ತಳ್ಳುವ ಡ್ರೈಯರೇ ಇದ್ದರೆ? ಇಷ್ಟು ತೇವದ ಊರಿನಲ್ಲಿ ಅದು ಕೆಲಸ ಮಾಡೀತೇ ಅಂತ ಕೇಳುವವರಿದ್ದಾರೆ. ಮಾಡುತ್ತದೆ. 20 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇ 95 ಇದ್ದರೂ ಅದೇ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ ಶೇ 11ಕ್ಕೆ ಇಳಿಯುತ್ತದೆ. ತೊಂದರೆ ಇರುವುದು ಹೊರಗೆ ಬಿಡುವ ಕೊಳವೆಯಲ್ಲಿ. ಅದು 4 ಇಂಚಿನ ಲೋಹದ್ದಾಗಿರಬೇಕು, ಆದಷ್ಟು ನೇರವಾಗಿರಬೇಕು. ಮಳೆ ಬಡಿಯುವುದು ಪಡುವಣದಿಂದ, ಹಾಗಾಗಿ ಬಾಯಿ ಪೂರ್ವಕ್ಕೋ ಉತ್ತರಕ್ಕೋ ಇರಲಿ. ಹಲ್ಲಿ, ಇಲಿ ಬಾರದಿರಲಿ ಅಂತ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಲಿಂಟ್ ಅನ್ನುವ ಹತ್ತಿಯಂಥ ಧೂಳು ಅದಕ್ಕೇ ಮೆತ್ತಿ ವಾರದಲ್ಲಿ ಬಾಯಿ ಕಟ್ಟುತ್ತದೆ. ತಾನಾಗಿ ಮುಚ್ಚುವ ರೆಪ್ಪೆಯ ಮುಚ್ಚಳ ಹಾಕಬೇಕು. ಹೆಂಚಿನಡಿಯ ಅಟ್ಟಕ್ಕೆ ಕೊಳವೆ ಬಿಡುವುದನ್ನಂತೂ ಮಾಡಲೇಬಾರದು. ಒಣ ಎಲೆ, ಹಳೇ ಮರ, ಮೇಲೆ ಲಿಂಟ್. ಬೆಂಕಿಗೆ ಇನ್ನೇನು ಬೇಕು?

ನೀರಿಗೆ ಮುಕ್ಕಾಲು ಇಂಚಿನ ನಲ್ಲಿ, ಪಕ್ಕದಲ್ಲೇ, ಕೈಗೆ ಸಿಗುವಂತೆ. ಮೆಷಿನ್ನಿನ ಮೇಲೆ ಕನಿಷ್ಠ ಒತ್ತಡ ಬರೆದಿರುತ್ತಾರೆ, ಹಲವಕ್ಕೆ 0.5 ಬಾರ್. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರು ಮೇಲಿದ್ದರೆ 1 ಬಾರ್, 5 ಮೀಟರಿದ್ದರೆ ಅರ್ಧ. ಹೆಂಚಿನ ಮನೆಯ ಪಕ್ಕದ ಸ್ಟ್ಯಾಂಡಿನ ಮೇಲೆ ಮೂರು ಮೀಟರಿಗೆ ಟ್ಯಾಂಕಿಟ್ಟವರಿಗೆ ಮೆಷಿನ್ನು ನೀರಿಲ್ಲ ಅಂತ ಪದೇ ಪದೇ ಕೂಗುವುದು ಇದಕ್ಕೇ. ಗುಡ್ಡದ ಮೇಲೆ ಟ್ಯಾಂಕಿರುವ ಮನೆಗಳಿಗೆ ಈ ಚಿಂತೆಯಿಲ್ಲ. ಹೊರಹೋಗುವ ಪೈಪಿನ ಬಾಯಿ ನೆಲದಿಂದ 60ರಿಂದ 100 ಸೆಂ.ಮೀ. ಎತ್ತರದಲ್ಲಿರಬೇಕು. ಮೋರಿಗೆ ನೇರ ನೆಲದ ಮೇಲೆ ಬಿಟ್ಟರೆ ತುಂಬಿದ ನೀರು ತುಂಬಿದ ಹಾಗೇ ಸೋರಿಹೋಗುತ್ತದೆ. ದೊಡ್ಡ ಪೈಪಿನೊಳಗೆ ತೂರಿಸಿ ಸುತ್ತ ಗಾಳಿಯಾಡದಂತೆ ಟೇಪು ಸುತ್ತಿದರೂ ಅದೇ ಗತಿ. ಮಳೆಗಾಲದಲ್ಲಿ ತೊರೆ ನೀರು ಬಳಸುವ ಮನೆಗಳಲ್ಲಿ ಒಳಪೈಪಿನ ಪುಟ್ಟ ಜಾಲರಿಗೆ ಮಣ್ಣು ಮೆತ್ತುತ್ತದೆ, ಹದಿನೈದು ದಿನಕ್ಕೊಮ್ಮೆ ಬಿಚ್ಚಿ ತೊಳೆದರೆ ಸಾಕು.

ಇಷ್ಟಾದ ಮೇಲೆ ಮೆಷಿನ್ನು ಕಟ್ಟೆಯ ಮೇಲೆ ಬಂತು. ಮೊದಲ ಕೆಲಸ, ಹಿಂಬದಿಯ ಸಾಗಣೆ ಬೋಲ್ಟುಗಳನ್ನು ಬಿಚ್ಚುವುದು. ನಾಲ್ಕಿದ್ದವು, ಕೆಲವಕ್ಕೆ ಮೂರಿರುತ್ತವೆ. ಲಾರಿಯಲ್ಲಿ ಬರುವಾಗ ಡ್ರಮ್ಮು ಅಲುಗದಿರಲಿ ಅಂತ ಹಾಕಿದ ಈ ಬೋಲ್ಟುಗಳು ಇದ್ದ ಹಾಗೇ ಸ್ಪಿನ್ ಆದರೆ ಡ್ರಮ್ಮಿನ ಕುಲುಕಾಟವೆಲ್ಲ ಮೈಗೆ ಬರುತ್ತದೆ, ಮೆಷಿನ್ನು ನಡೆಯಲು ಶುರು ಮಾಡುತ್ತದೆ. ಮೇಲೆ ಡ್ರೈಯರಿದ್ದರೆ ಆಮೇಲೆ ಏನಾಗುತ್ತದೆ ಅಂತ ಹೇಳಬೇಕಿಲ್ಲ.

ಮಟ್ಟ ಮಾಡುವುದು ತಾಳ್ಮೆಯ ಕೆಲಸ. ರಸಮಟ್ಟವನ್ನು ಅಡ್ಡಲಾಗಿ, ಉದ್ದಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ ಇಟ್ಟು ನೋಡಬೇಕು. ಅಡ್ಡ, ಉದ್ದ ಎರಡೂ ಸರಿಯಿದ್ದು ಒಂದು ಕಾಲು ಮಾತ್ರ ನೆಲಕ್ಕೆ ಹಗುರವಾಗಿ ತಾಗಿರುವುದುಂಟು. ಎರಡು ಎದುರು ಮೂಲೆಗಳ ಮೇಲೆ ಅಂಗೈಯಿಟ್ಟು ಒಂದಾದ ಮೇಲೊಂದು ಒತ್ತಿದರೆ ಅದು ಟಕ್ ಅಂತ ಹೇಳಿಬಿಡುತ್ತದೆ. ಆ ಟಕ್ ನಿಂತ ಮೇಲೆ ಕಾಲಿನ ಲಾಕ್ ನಟ್ಟನ್ನು ಮೇಲಕ್ಕೆ ತಿರುಗಿಸಿ ಮೆಷಿನ್ನಿನ ತಳಕ್ಕೆ ಬಿಗಿಯಬೇಕು. ಇದನ್ನು ಕೆಳಕ್ಕೆ, ರಬ್ಬರಿನ ಕಡೆಗೆ ಬಿಗಿದು ಕೆಲಸ ಆಯಿತು ಅನ್ನುವವರನ್ನು ಕಂಡಿದ್ದೇವೆ. ಹಾಗೆ ಬಿಗಿದ ನಟ್ಟು ಏನನ್ನೂ ಹಿಡಿಯುವುದಿಲ್ಲ, ನಾಲ್ಕು ಸ್ಪಿನ್ನಿಗೆ ಕಾಲು ತಾನೇ ತಿರುಗಿ ಒಳಗೆ ಸೇರುತ್ತದೆ. ಬಿಗಿದಾದ ಮೇಲೆ ಇನ್ನೊಮ್ಮೆ ರಸಮಟ್ಟ, ಏಕೆಂದರೆ ಬಿಗಿಯುವಾಗ ಕಾಲು ತುಸು ತಿರುಗಿರುತ್ತದೆ. ನಾಲ್ಕೂ ಕಾಲಿನ ಸುತ್ತ ಕಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟೆವು.

ಡ್ರೈಯರ್ ಏರಿಸುವ ಮೊದಲೇ ಮೆಷಿನ್ನನ್ನು ಒಂಟಿಯಾಗಿ ಓಡಿಸಿ ನೋಡಬೇಕು. ಖಾಲಿ ಸ್ಪಿನ್ ಒಮ್ಮೆ, ಮೂರು ಕೆ.ಜಿ. ಟವೆಲ್ ಹಾಕಿ 800ಕ್ಕೆ ಒಮ್ಮೆ, 1200ಕ್ಕೆ ಒಮ್ಮೆ. ಮೇಲೆ ಅಂಚಿನವರೆಗೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟದ್ದಾಯಿತು. ವೇಗ ಏರುವಾಗ ನೀರಿನ ಮೇಲೆ ಉಂಗುರ ಎದ್ದವು, ಚೆಲ್ಲಲಿಲ್ಲ, ಪೂರ್ತಿ ವೇಗ ಹಿಡಿದ ಮೇಲೆ ನೀರು ನಡುಗಿತಷ್ಟೆ. ಲೋಟ ಜರುಗಿದ್ದರೆ ಅಲ್ಲೇ ನಿಲ್ಲಿಸಿ ಮತ್ತೆ ಕಾಲಿಗೇ ಬರಬೇಕಿತ್ತು.

ಕಿಟ್ಟಿನಲ್ಲಿ ಎರಡು ಪಕ್ಕದ ಪಟ್ಟಿ, ಹಿಂದಕ್ಕೆ ಜಾರದಂತೆ ತಡೆ, ಮುಂದೆ ಲಾಕ್, ಜೊತೆಗೆ ಸ್ಕ್ರೂಗಳು. ಮೆಷಿನ್ನಿನ ಮುಚ್ಚಳದ ಹಿಂಬದಿಯ ಸ್ಕ್ರೂ ಬಿಚ್ಚಿ ಅದೇ ತೂತಿಗೆ ಪಟ್ಟಿಯನ್ನೂ ಸೇರಿಸಿ ಬಿಗಿಯುವುದು. ಅಡಿಯಲ್ಲಿ ಅಂಟಿನ ಟೇಪು ಇದ್ದರೆ ಮೇಲ್ಮೈಯನ್ನು ಸ್ಪಿರಿಟ್ಟಿನಿಂದ ಒರೆಸಿ ಪೂರ್ತಿ ಒಣಗಿಸಿದ ಮೇಲೆ ಅಂಟಿಸಬೇಕು, ಇಲ್ಲಿನ ತೇವದಲ್ಲಿ ಬೆಳಗಿನ ಹೊತ್ತು ಲೋಹದ ಮೇಲೆ ಕಾಣದ ಹನಿ ಕೂತಿರುತ್ತದೆ. ತೂತು ಹೊಂದಲಿಲ್ಲ ಅಂತ ಡ್ರಿಲ್ ಹಿಡಿಯಬೇಡಿ. ತಗಡಿನ ಹಿಂದೆಯೇ ವಯರು, ಪೈಪು ಹೋಗಿರುತ್ತವೆ, ಕಂಪನಿಯ ವಾರಂಟಿಯೂ ಅಲ್ಲಿಗೇ ಮುಗಿಯುತ್ತದೆ. ತೂತು ಹೊಂದಲಿಲ್ಲ ಅಂದರೆ ಕಿಟ್ಟು ಬೇರೆ ಮಾಡೆಲಿನದು ಅಂತ ಅರ್ಥ.

ಡ್ರೈಯರಿನ ಬಾಗಿಲು ಯಾವ ಕಡೆಗೆ ತೆರೆಯಬೇಕು ಅನ್ನುವುದನ್ನೂ ನೆಲದ ಮೇಲಿರುವಾಗಲೇ ತೀರ್ಮಾನಿಸಬೇಕು. ಮೆಷಿನ್ನಿನದು ಎಡಕ್ಕೂ ಡ್ರೈಯರಿನದು ಬಲಕ್ಕೂ ತೆರೆದರೆ ಒದ್ದೆ ಬಟ್ಟೆ ಹಿಡಿದು ಎರಡು ಬಾಗಿಲ ಸುತ್ತ ಕುಣಿಯಬೇಕಾಗುತ್ತದೆ. ಹೆಚ್ಚಿನ ಡ್ರೈಯರುಗಳ ಬಾಗಿಲನ್ನು ಬಿಚ್ಚಿ ಆಚೆ ಬದಿಗೆ ಹಾಕಬಹುದು.

ಇನ್ನು ಎತ್ತುವುದು. ಎರಡೂವರೆ ಅಡಿ ಗೂಡಿನಲ್ಲಿ ಡ್ರೈಯರಿನ ಎರಡು ಬದಿಗೆ ಜನ ನಿಲ್ಲಲು ಆಗುವುದಿಲ್ಲ. ಹೊರಗೆ ಒಂದರ ಮೇಲೊಂದು ಇಟ್ಟು ಒಳಗೆ ತಳ್ಳೋಣ ಅಂದರೆ ಕಟ್ಟೆ ಅಡ್ಡ ಬರುತ್ತದೆ. ಹಾಗಾಗಿ ಗೂಡಿನ ಎದುರಿಗೇ ಒಂದು ಗಟ್ಟಿ ಮರದ ಮೇಜು, ಅದರ ಮೇಲೆ ಹಲಗೆ ಜೋಡಿಸಿ ಕಿಟ್ಟಿನ ಪಟ್ಟಿಯ ಎತ್ತರಕ್ಕೆ ಸರಿಯಾಗಿ ತಂದದ್ದು. ಕಾಫಿ ಮೂಟೆ ಪೇರಿಸಿದರೆ ಆಗದೇ ಅಂದವರಿದ್ದರು. ಮೂಟೆ ಕುಸಿಯುತ್ತದೆ, ಅದೂ ಒಂದು ಬದಿಗೆ. ಮೂವರು ಸೇರಿ, ಡ್ರೈಯರಿನ ತಳಕ್ಕೆ ಕೈಕೊಟ್ಟು, ಮೊದಲು ಮೇಜಿನ ಮೇಲೆ. ಬಾಗಿಲಿಗಾಗಲಿ ಮೇಲಿನ ಮುಚ್ಚಳದ ಅಂಚಿಗಾಗಲಿ ಕೈ ಹಾಕಿ ಎತ್ತಬಾರದು. ಅಲ್ಲಿ ಉಸಿರು ಬಿಟ್ಟು, ಹಿಂದಿನ ನೀರಿನ ಪೈಪನ್ನೂ ವಯರನ್ನೂ ಪಕ್ಕಕ್ಕೆ ಎಳೆದುಕೊಂಡು, ಹಿಂಗಾಲನ್ನು ಪಟ್ಟಿಯೊಳಗೆ ಕೂರಿಸಿ ಮೆಲ್ಲಗೆ ಒಳಕ್ಕೆ ಜರುಗಿಸಿದ್ದು. ಹಿಂದಿನ ತಡೆಗೆ ತಾಗಿದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಮುಂದಿನ ಲಾಕ್ ಬಿಗಿದು, ಮೇಲಿನಿಂದ ಎಳೆದು ನೋಡಿದರೆ ಎರಡೂ ಒಂದೇ ಬೀರುವಿನ ಹಾಗೆ ಅಲುಗಬೇಕು. ಡ್ರೈಯರ್ ಮಾತ್ರ ಅಲುಗಿದರೆ ಲಾಕ್ ಕೂತಿಲ್ಲ. ಹೀಟ್ ಪಂಪ್ ಡ್ರೈಯರನ್ನು ಜೀಪಿನಲ್ಲಿ ಮಲಗಿಸಿ ತಂದಿದ್ದರೆ ನಿಲ್ಲಿಸಿ ಒಂದು ದಿನ ಬಿಟ್ಟೇ ಹಾಕಬೇಕು, ಕಂಪ್ರೆಸರಿನ ಎಣ್ಣೆ ತಳಕ್ಕೆ ಇಳಿಯಲಿ. ಹಲವು ಹೊಸ ಡ್ರೈಯರುಗಳ ಒಳಗಿನ ಅನಿಲ ಪ್ರೊಪೇನ್. ಪ್ರಮಾಣ ಚಿಕ್ಕದಾದರೂ ಬಚ್ಚಲೊಲೆಯ ಪಕ್ಕಕ್ಕೆ ಇಡುವ ವಸ್ತು ಅಲ್ಲ. ಗೂಡಿಗೆ ಬಾಗಿಲು ಮಾಡಿಸುವವರು ಗಾಳಿಯಾಡುವ ಪಟ್ಟಿ ಬಾಗಿಲನ್ನೇ ಮಾಡಿಸಬೇಕು.

ಬಳಕೆಯಲ್ಲಿ ಎರಡು ಮಾತು. ಮೆಷಿನ್ನಿನ ಸ್ಪಿನ್ ಜೋರಾದಷ್ಟೂ ಡ್ರೈಯರಿಗೆ ಕೆಲಸ ಕಮ್ಮಿ: ಏಳು ಕೆ.ಜಿ. ಹತ್ತಿ ಬಟ್ಟೆಯನ್ನು 1200ಕ್ಕೆ ಹಿಂಡಿದರೆ ಸುಮಾರು ಮೂರೂವರೆ ಲೀಟರು ನೀರು ಉಳಿದಿರುತ್ತದೆ, 800ಕ್ಕಾದರೆ ಐದು ಲೀಟರಿನ ಹತ್ತಿರ. ಆದರೆ ದಪ್ಪ ರಗ್ಗನ್ನು ಒಂದೇ ಹಾಕಿ ಜೋರು ಸ್ಪಿನ್ ಕೊಡಬೇಡಿ, ಅದು ಡ್ರಮ್ಮಿನ ಒಂದು ಮಗ್ಗುಲಿಗೆ ಮುದ್ದೆಯಾಗಿ ಇಡೀ ಜೋಡಿಯನ್ನು ಕುಲುಕುತ್ತದೆ. ನಾಲ್ಕು ಟವೆಲ್ ಜೊತೆಗಿರಲಿ. ಡ್ರೈಯರಿಗೆ ಹಾಕಬಾರದ್ದೂ ಇದೆ. ಕಳೆ ಕೊಚ್ಚುವ ಮೆಷಿನ್ನಿನ ಪೆಟ್ರೋಲು, ಎಣ್ಣೆ ಬಿದ್ದ ಬಟ್ಟೆ, ಅಡುಗೆಮನೆಯ ಎಣ್ಣೆ ಒರೆಸಿದ ಬಟ್ಟೆ ಒಗೆದಿದ್ದರೂ ಬೇಡ, ಬಿಸಿ ರಾಶಿಯೊಳಗೆ ಎಣ್ಣೆ ತಾನಾಗಿ ಹೊತ್ತಿಕೊಳ್ಳಬಲ್ಲದು. ರಬ್ಬರ್ ಮೆತ್ತಿದ ರೇನ್‌ಕೋಟೂ ಬೇಡ. ಒಣಗುವ ನಡುವೆ ಕರೆಂಟು ಹೋದರೆ ಬಟ್ಟೆಯನ್ನು ಬಿಸಿ ಡ್ರಮ್ಮಿನಲ್ಲೇ ಬಿಡದೆ ತೆಗೆದು ಹರವಬೇಕು. ಲಿಂಟ್ ಜಾಲರಿಯನ್ನು ಪ್ರತಿ ಸಲವೂ ಒರೆಸಬೇಕು.

ಹತ್ತು ಒಗೆತ ಆದ ಮೇಲೆ, ಜೂನ್ ಮಳೆ ಹಿಡಿದಿದ್ದಾಗ, ಮತ್ತೆ ನೋಡಿದೆವು. ಮೂರು ಕಾಲು ಪೆನ್ಸಿಲ್ ಗೆರೆಯೊಳಗೇ ಇದ್ದವು, ಹಿಂದಿನ ಬಲಗಾಲು ಕೂದಲೆಳೆಯಷ್ಟು ಆಚೆ ಬಂದಿತ್ತು; ಅದರ ಲಾಕ್ ನಟ್ಟು ಬೆರಳಿಗೇ ತಿರುಗಿತು. ಸ್ಪ್ಯಾನರಿನಿಂದ ಅರ್ಧ ಸುತ್ತು ಬಿಗಿ ಕೊಟ್ಟು, ಕಿಟ್ಟಿನ ಸ್ಕ್ರೂಗಳನ್ನೂ ಒಮ್ಮೆ ಮುಟ್ಟಿ, ಗೆರೆಯನ್ನು ಅಳಿಸಿ ಹೊಸದಾಗಿ ಎಳೆದದ್ದಾಯಿತು. ನಾಲ್ಕು ಸಾಗಣೆ ಬೋಲ್ಟುಗಳನ್ನು, ಎರಡೂ ಮಾಡೆಲ್ ನಂಬರ್ ಬರೆದ ಚೀಟಿಯನ್ನು ಒಂದು ಚೀಲಕ್ಕೆ ಹಾಕಿ ಅದೇ ಸ್ಪ್ಯಾನರಿನ ಜೊತೆ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದೆ.